ಮೆಗಲನ್ನನ ಶಿಲುಬೆಗೆ ಅತ್ತೆಯ ಹರಕೆ

ಸ್ನೇಹಿತರೇ, ಇವತ್ತು ಬೆಳಿಗ್ಗೆ ನಮ್ಮ ಸ್ಯಾನ್ ಡಿಯಾಗೋ ಅಪಾರ್ಟ್‌ಮೆಂಟಿನಲ್ಲಿ ನನ್ನ ಅತ್ತೆಯ ಗುಟ್ಟೊಂದು ರಟ್ಟಾಯಿತು.

ಹೋದ ವಾರ ಅತ್ತೆಯನ್ನೂ ಕರೆದುಕೊಂಡು ಫಿಲಿಪೈನ್ಸಿನ ಸೆಬು ಬಂದರು ನಗರ ನೋಡಿ ಬಂದೆವು. ಪಕ್ಕದ ಮನೆಯ ನೆನಿತಾ ಆಂಟಿ ಹುಟ್ಟಿ ಬೆಳೆದದ್ದು ಅಲ್ಲೇ. ಫೋಟೋ ತೋರಿಸೋಣವೆಂದು ಕಾಫಿಗೆ ಕರೆದೆ. ಹಳೇ ಕೋಟೆ ಬಂದಾಗ ಆಕಳಿಸಿದರು. ಐನೂರು ವರ್ಷದ ಹಿಂದೆ ಸ್ಪೇನಿನ ಹಡಗುಗಳೊಂದಿಗೆ ಬಂದ ನಾವಿಕ ಮೆಗಲನ್ ನೆಟ್ಟನೆನ್ನುವ ಶಿಲುಬೆಯ ಮಂಟಪ ಬಂದಾಗ ಫೋನನ್ನೇ ಕಿತ್ತುಕೊಂಡರು. ಅದರಲ್ಲಿ ಅತ್ತೆ ಚಪ್ಪಲಿ ಕಳಚಿಟ್ಟು, ಕೈ ಮುಗಿದು ಪ್ರದಕ್ಷಿಣೆ ಹಾಕುತ್ತಿದ್ದರು.

“ಇವರು ಏನು ಮಾಡ್ತಿದ್ದಾರೆ?”

ಅತ್ತೆ ಧಾರವಾಡದವರು, ಕೇಳಿದರೆ ಮುಚ್ಚುಮರೆ ಇಲ್ಲ. “ಒಂಬತ್ತು ವರ್ಷ ಆತು, ಮಗನ ಗ್ರೀನ್ ಕಾರ್ಡ್ ಬಂದಿಲ್ಲ. ಬಂದ್ರ ಆ ಶಿಲುಬಿ ಮುಂದನ ಐದು ಕಾಯಿ ಒಡಸ್ತೀನಿ ಅಂತ ಬೇಡ್ಕೊಂಡೀನಿ.”

ನಾನು ಇಂಗ್ಲಿಷಿನಲ್ಲಿ ವಿವರಿಸಿದೆ. ಆಂಟಿಗೆ ನಕ್ಕು ನಕ್ಕು ಕೆಮ್ಮು ಬಂತು.

“ಆ ಮೆಗಲನ್ನೇ ವೀಸಾ ಇಲ್ಲದೆ ಬಂದವನು! ಮೂರೇ ವಾರಕ್ಕೆ ಎದುರಿನ ದ್ವೀಪದಲ್ಲಿ ನಮ್ಮವರು ಹೊಡೆದು ಸಾಯಿಸಿದರು. ಅವನ ಹತ್ತಿರ ಗ್ರೀನ್ ಕಾರ್ಡ್ ಕೇಳೋದಾ?”

ಇದನ್ನು ಅತ್ತೆಗೆ ಹೇಳುವಾಗ, ಸುಳ್ಳೇಕೆ, ನನಗೆ ತುಸು ಖುಷಿಯೇ ಆಯಿತು. ಅತ್ತೆ ಕಾಫಿ ಮುಗಿಸಿ ಲೋಟ ಕೆಳಗಿಟ್ಟರು.

“ಹಂಗಾದ್ರ ಚೊಲೋನ ಆತಲ್ಲ. ಕಾಗದಪತ್ರ ಇಲ್ದನ ಪರದೇಶದಾಗ ಇದ್ರ ಏನಾಗ್ತದ ಅಂತ ಅವಗಿಂತ ಚೊಲೋ ಯಾರಿಗೆ ಗೊತ್ತದ?”

ಹರಕೆ ಈಗ ಹನ್ನೊಂದು ಕಾಯಿಗೆ ಏರಿದೆ. ಅವನ್ನು ಒಡೆಯುವ ದಿನ ಸೆಬುವಿನ ಪೊಲೀಸರ ಜೊತೆ ಮಾತಾಡಲು ಧೈರ್ಯವಿರುವವರು ಕಾಮೆಂಟಿನಲ್ಲಿ ಹೆಸರು ಕೊಡಿ.