ಪಂಪಯ್ಯ ಸಾರ್ ಕ್ಲಾಸಿನ ಯಜಮಾನಿ

ಆದವಾನಿಯ ಹತ್ತಿ ಮಾರ್ಕೆಟ್ಟಿನ ಹಿಂದೆ ಮನೆಯ ಪಡಸಾಲೆಯಲ್ಲೇ ಕಂಪ್ಯೂಟರ್ ಕ್ಲಾಸು ನಡೆಸುವ ಪಂಪಯ್ಯ ಸಾರ್, ಇರುವ ಒಂದೇ ಕಂಪ್ಯೂಟರಿಗೆ ದಿನಾ ವಿಭೂತಿ ಹಚ್ಚುತ್ತಾರೆ, ಕರೆಂಟು ಹೋದರೆ ಹುಡುಗರನ್ನು ಬಿಟ್ಟು ಅದಕ್ಕೇ ಗಾಳಿ ಬೀಸುತ್ತಾರೆ, ಯಾವ ಪಾಠವನ್ನಾದರೂ ಆಟ ಆಡಿಸಿಯೇ ಹೇಳುತ್ತಾರೆ. ಕಂಪ್ಯೂಟರುಗಳನ್ನು ಜೋಡಿಸುವ ಬ್ರಿಜ್ಜು ಎಂಬ ಡಬ್ಬಿಯನ್ನು ಅವರೂ ಕಂಡವರಲ್ಲ. ವೈರುಗಳು ಸುತ್ತುಗಟ್ಟಿದರೆ ಸುದ್ದಿ ಗಾಣದೆತ್ತಿನ ಹಾಗೆ ತಿರುಗುತ್ತಲೇ ಇರುತ್ತದೆಂದು ಆ ಡಬ್ಬಿಗಳು ಮೊದಲು ಒಬ್ಬ ಯಜಮಾನನನ್ನು ಆರಿಸಿಕೊಂಡು, ಅವನನ್ನು ನೋಡಿ ಹೆಚ್ಚಿನ ದಾರಿಗಳನ್ನು ಮುಚ್ಚುತ್ತವಂತೆ. ಅದಕ್ಕೇ ಸಾರ್ ಎಲ್ಲರಿಗೂ ನಂಬರಿನ ಚೀಟಿ ಹಂಚುತ್ತಾರೆ. ಎಲ್ಲರೂ "ನಾನೇ ಯಜಮಾನ" ಎಂದು ಕೂಗಬೇಕು, ತನಗಿಂತ ಸಣ್ಣ ನಂಬರು ಕಿವಿಗೆ ಬಿದ್ದವನು ಸುಮ್ಮನಾಗಬೇಕು. ಒಂದನೇ ಚೀಟಿ ಮಾತ್ರ ಯಾವಾಗಲೂ ಒಳಕೋಣೆಯಲ್ಲಿ ಹಾಸಿಗೆ ಹಿಡಿದಿರುವ ಅವರ ತಾಯಿ ಎರ್ರಮ್ಮನದು. "ಅವ್ವಾರಿಗೆ ಎದ್ದು ಕೂಡ್ರಾಕ ಆಗಂಗಿಲ್ಲ, ಯಜಮಾನಿಕಿ ಹೆಂಗ ಮಾಡ್ತಾರ್ರಿ ಸಾರ್?" ಎಂದು ಎರಡನೇ ಚೀಟಿಯ ಪ್ರಾಣೇಶ ಗೊಣಗುತ್ತಾನೆ. "ಶಕ್ತಿ ಯಾರು ಕೇಳ್ಯಾರಲೇ? ಸಣ್ಣ ನಂಬರು ಇದ್ದಾಕಿನೇ ಯಜಮಾನಿ. ನಾ ಅದೀನಿ ಅಂತಿದ್ರ ಸಾಕು. ಆಕಿ ದನಿ ನಿಂತ್ರ ನೀನು ಕೂಗು" ಎನ್ನುತ್ತಾರೆ ಸಾರ್. ಎರ್ರಮ್ಮ ಒಳಗಿನಿಂದ ಆಗಾಗ "ಅದೀನಪ್ಪಾ" ಎನ್ನುತ್ತಿರುತ್ತಾರೆ. ಮೊನ್ನೆ ಆ ದನಿ ಬರಲಿಲ್ಲ. ಸಾರ್ ಕೈಯ ಸೀಮೆಸುಣ್ಣ ಹಲಗೆಯ ಮೇಲೇ ನಿಂತುಬಿಟ್ಟಿತು. ಅವರು ಒಳಕೋಣೆಯ ಬಾಗಿಲು ನೋಡಿದರು, ಒಳಗೆ ಹೋಗಲಿಲ್ಲ. ಆಟದ ಪ್ರಕಾರ ಈಗ ಪ್ರಾಣೇಶ ಕೂಗಬೇಕು. ಅವನು ಚೀಟಿ ಮಡಚಿ ಜೇಬಿಗಿಟ್ಟುಕೊಂಡು, "ಇನ್ನಾ ಸ್ವಲ್ಪ ನೋಡೋಣ್ರಿ ಸಾರ್" ಎಂದ. ಒಳಗೆ ಲೋಟ ಇಟ್ಟ ಸದ್ದಾಯಿತು. "ಅದೀನಿ. ನೀರು ಕುಡಿಯಾಕೂ ಬಿಡಂಗಿಲ್ಲೇನೋ ನೀವು?"