ಹುರಿಯುವ ಕೋಣೆಗೊಂದು ದೀಪ

ಅಕ್ಕನನ್ನು ಮನೆಯಲ್ಲಿ ಕೂರಿಸು ಎಂದು ನನಗೆ ಬುದ್ಧಿ ಹೇಳಿದವರು ಒಬ್ಬಿಬ್ಬರಲ್ಲ. ಕಟ್ಟಡದ ಮಾಲೀಕ ಹೇಳಿದ, ಇನ್ಶೂರೆನ್ಸ್‌ನವನು ಹೇಳಿದ, ಬೆಂಕಿಯ ಅಲಾರ್ಮ್ ಮಾರಲು ಬಂದ ಸೇಲ್ಸ್‌ಮನ್ ಹೇಳಿದ, ಕೊನೆಗೆ ನನ್ನ ಗಂಡನೂ ಹೇಳಿದ. ಎಲ್ಲರ ಬಾಯಲ್ಲೂ ಒಂದೇ ಕಾರಣ: ಅವಳಿಗೆ ಕಿವಿ ಕೇಳಿಸುವುದಿಲ್ಲ, ಅಂಗಡಿಗೆ ಬೆಂಕಿ ಬಿದ್ದರೆ ಗೊತ್ತಾಗುವುದಿಲ್ಲ. ನಾನು ಒಬ್ಬರ ಮಾತಿಗೂ ಜಗ್ಗಲಿಲ್ಲ. ಇವತ್ತು ಬಂದು ಹೇಳಿದರೂ ಜಗ್ಗುವುದಿಲ್ಲ.

ಎರಡು ಸಾವಿರದ ಇಸವಿ ದಾಟಿದ ಹೊಸದು. ಗಂಡ ಈ ಪರದೇಶದಲ್ಲಿ, ಪ್ಲಿಮತ್‌ನಲ್ಲಿ, ಕಾರಿನ ಬಿಡಿಭಾಗಗಳ ಕಂಪನಿಯೊಂದರಲ್ಲಿ ಎಂಜಿನಿಯರ್. ನಾನು ಹತ್ತಿರದ ಕ್ಯಾಂಟನ್‌ನಲ್ಲಿ ಒಂದೇ ಸಾಲಿಗೆ ಅಂಗಡಿಗಳಿರುವ ಸ್ಟ್ರಿಪ್ ಮಾಲ್‌ನಲ್ಲಿ ಪುಡಿಗಳ ಅಂಗಡಿ ಇಟ್ಟಿದ್ದೆ. ಶೇಂಗಾ ಚಟ್ನಿ, ಗುರೆಳ್ಳು ಪುಡಿ, ಅಗಸೆ ಪುಡಿ, ನಮ್ಮ ಹಾವೇರಿ ಕಡೆಯ ಮಸಾಲೆ ಖಾರ. ಮೈಸೂರಿನವರು ಬಂದು ಸಾರಿನ ಪುಡಿ, ಹುಳಿಪುಡಿ ಕೇಳತೊಡಗಿದ ಮೇಲೆ ಅವೂ ಸೇರಿದವು. ಮುಂದೆ ಅಂಗಡಿ, ನಡುವೆ ಪ್ಯಾಕ್ ಮಾಡುವ, ಸಾಮಾನು ಇಡುವ ಕೋಣೆ, ಹಿಂದೆ ಹುರಿಯುವ ಕೋಣೆ. ಹಿಂದಿನ ಕೋಣೆ ಅಕ್ಕನದು.

ಅಕ್ಕನಿಗೆ ಚಿಕ್ಕಂದಿನಲ್ಲಿ ಜ್ವರ ಬಂದು ಕಿವಿ ಹೋಯಿತು. ಮಾತು ಅಷ್ಟರಲ್ಲಿ ಬಂದಿದ್ದರಿಂದ ಉಳಿಯಿತು. ತನ್ನ ದನಿ ತನಗೇ ಕೇಳದ ಕಾರಣ ಗುಟ್ಟು ಹೇಳಿದರೂ ಊರಿಗೆಲ್ಲ ಕೇಳುವ ಹಾಗೆ ಹೇಳುತ್ತಾಳೆ. ಎದುರಿಗೆ ನಿಂತು ಕನ್ನಡದಲ್ಲಿ ಮಾತಾಡಿದರೆ ತುಟಿ ನೋಡಿ ಎಲ್ಲ ತಿಳಿದುಕೊಳ್ಳುತ್ತಾಳೆ, ಹೊಗಳಿದ್ದನ್ನು ಬಿಟ್ಟು. ನಾನು ಇಲ್ಲಿನ ಸಿಟಿಜನ್ ಆದ ಮೇಲೆ ಅವಳಿಗಾಗಿ ಅಪ್ಲೈ ಮಾಡಿ, ವರ್ಷಗಟ್ಟಲೆ ಕಾದು ಕರೆಸಿಕೊಂಡಿದ್ದೆ. ಕರೆಸಿಕೊಂಡು ಮಾಡಿದ್ದೇನು? ಮೊದಲ ಚಳಿಗಾಲವಿಡೀ ಮನೆಯಲ್ಲಿ ಕೂರಿಸಿದ್ದೆ. ನಮ್ಮ ಬಡಾವಣೆಯಲ್ಲಿ ಹಿಮ ಬಿದ್ದರೆ ನಾಯಿ ಕೂಡ ರಸ್ತೆಯಲ್ಲಿ ಕಾಣುವುದಿಲ್ಲ. ಮಕ್ಕಳು ಮಾತಾಡುವುದು ಇಂಗ್ಲಿಷು, ಟಿವಿಯಲ್ಲೂ ಇಂಗ್ಲಿಷಿನ ತುಟಿಗಳು. ಅವಳು ಕಿಟಕಿಯ ಹತ್ತಿರ ಕೂತು ಕೂತು ಊಟ ಬಿಟ್ಟಳು, ಬೈಯುವುದನ್ನೂ ಬಿಟ್ಟಳು. ಅಕ್ಕ ಬೈಯದೆ ಇದ್ದದ್ದು ನೋಡಿ ನನಗೆ ನಿಜವಾಗಿ ಹೆದರಿಕೆಯಾಯಿತು.

ಅಂಗಡಿಗೆ ಕರೆದುಕೊಂಡು ಬಂದ ಮೊದಲ ದಿನವೇ ಸೆರಗು ಸೊಂಟಕ್ಕೆ ಸಿಕ್ಕಿಸಿ, ನಾನು ಹುರಿದಿಟ್ಟಿದ್ದ ಶೇಂಗಾದ ಒಂದು ಕಾಳು ಬಾಯಿಗೆ ಹಾಕಿ ನೋಡಿದಳು. "ಇದನ್ನ ಮಂದಿ ರೊಕ್ಕಾ ಕೊಟ್ಟು ತಿಂತಾರೇನು? ಹಸೀನ ಐತಿ" ಎಂದು ಅಷ್ಟನ್ನೂ ತಿರುಗಿ ಬಾಣಲೆಗೆ ಸುರಿದಳು. ಅವತ್ತಿನಿಂದ ಆ ಒಲೆಯ ಹತ್ತಿರ ನನ್ನನ್ನೂ ಬಿಟ್ಟುಕೊಳ್ಳಲಿಲ್ಲ. ಮನೆಗೆ ಬಂದು ಎರಡು ರೊಟ್ಟಿ ಹೆಚ್ಚಿಗೆ ತಿನ್ನತೊಡಗಿದಳು. ಆ ಕೋಣೆ ಕಿತ್ತುಕೊಂಡರೆ ಈ ದೇಶದಲ್ಲಿ ಅವಳದು ಅನ್ನುವುದು ಏನೂ ಉಳಿಯುತ್ತಿರಲಿಲ್ಲ.

ಪಕ್ಕದ ಖಾಲಿ ಅಂಗಡಿಯನ್ನೂ ಸೇರಿಸಿಕೊಂಡು ದೊಡ್ಡದು ಮಾಡಿದಾಗ ಟೌನ್‌ಶಿಪ್ ಆಡಳಿತದ ಫೈರ್ ಇನ್ಸ್‌ಪೆಕ್ಟರ್ ಬಂದು ನೋಡಿ, ಸರಿಯಾದ ಅಲಾರ್ಮ್ ವ್ಯವಸ್ಥೆ ಹಾಕಿಸಿದ ಮೇಲೆ ಬಾಗಿಲು ತೆರೆಯಿರಿ ಎಂದ. ಅದು ನ್ಯಾಯವೇ. ಅನ್ಯಾಯ ಶುರುವಾದದ್ದು ಯಾವ ಅಲಾರ್ಮ್ ಎಂದು ಆರಿಸಲು ಹೊರಟಾಗ.

ಮೊದಲು ಬಂದವನು ಸೌತ್‌ಫೀಲ್ಡಿನ ಆಫೀಸ್ ಟವರ್ ಒಂದರಿಂದ ಬಂದ ಟೈ ಕಟ್ಟಿದ ಸೇಲ್ಸ್‌ಮನ್. ಎಲ್ಲ ಕೋಣೆಗೂ ಹೊಗೆ ಹಿಡಿಯುವ ಡಿಟೆಕ್ಟರ್, ಮುಂದೆ ಒಂದು ದೊಡ್ಡ ಹಾರ್ನ್, ಮುಗಿಯಿತು ಎಂದ. ಹಿಂದಿನ ಕೋಣೆಯಲ್ಲಿ ಮೆಣಸಿನಕಾಯಿ ಹುರಿಯುತ್ತೇವೆ ಎಂದೆ. ಪರವಾಗಿಲ್ಲ ಎಂದ. ಹಾಗಾದರೆ ನಿಂತು ನೋಡಪ್ಪ ಎಂದು ಅಕ್ಕನಿಗೆ ಸನ್ನೆ ಮಾಡಿದೆ. ಅವಳು ಬ್ಯಾಡಗಿ ಮೆಣಸಿನಕಾಯಿ ಬಾಣಲೆಗೆ ಹಾಕಿ ಎಣ್ಣೆ ಬಿಟ್ಟಳು. ಘಾಟು ಎದ್ದದ್ದೇ ತಡ, ಅವನು ಸೀನಿ ಸೀನಿ ಟೈಯಲ್ಲೇ ಮೂಗು ಒರೆಸಿಕೊಂಡ. ಅಕ್ಕ ಒಮ್ಮೆಯೂ ಸೀನಲಿಲ್ಲ.

ಹೊರಗೆ ಹೋಗಿ ಸುಧಾರಿಸಿಕೊಂಡು ತಿರುಗಿ ಬಂದ ಮೇಲೆ ಅವನು ಎರಡು ದಾರಿ ತೋರಿಸಿದ. ಹುರಿಯುವ ಹೊತ್ತಿನಲ್ಲಿ ಡಿಟೆಕ್ಟರಿಗೆ ಒಂದು ಪ್ಲಾಸ್ಟಿಕ್ ಟೋಪಿ ತೊಡಿಸಿಬಿಡಿ, ಎಷ್ಟೋ ಕಡೆ ಮಾಡುತ್ತಾರೆ, ನಾನು ಹೇಳಿದೆ ಅನ್ನಬೇಡಿ. ಎರಡನೆಯದು, ಕಿವಿ ಕೇಳಿಸದ ಆ ಹೆಂಗಸನ್ನು ಅಲ್ಲಿ ಇಡಬೇಡಿ, ಹಾರ್ನ್ ಹೊಡೆದರೆ ಆಕೆಗೆ ಗೊತ್ತಾಗುವುದಿಲ್ಲ. ಇದನ್ನು ಅಕ್ಕನ ಎದುರಿಗೇ, ಅವಳು ಅಲ್ಲಿಲ್ಲವೇ ಇಲ್ಲ ಅನ್ನುವ ಹಾಗೆ ಹೇಳಿದ. ನನ್ನ ಮೈ ಉರಿದುಹೋಯಿತು.

"ಏನಂತಾನ ಅಂವಾ?" ಎಂದಳು ಅಕ್ಕ.

ಹೇಳಿದೆ. ಅವಳಿಂದ ನಾನು ಏನನ್ನೂ ಮುಚ್ಚಿಟ್ಟವಳಲ್ಲ.

"ಮೆಣಸಿನಕಾಯಿ ಕಿವೀಲೆ ಹುರಿಯೂದಲ್ಲ ಅಂತ ಹೇಳವಗ" ಎಂದು ಅಕ್ಕ ಬಾಣಲೆಯ ಕಡೆ ತಿರುಗಿದಳು. ನಾನು ಅಕ್ಷರಕ್ಕೆ ಅಕ್ಷರ ಇಂಗ್ಲಿಷಿನಲ್ಲಿ ಹೇಳಿ, ಅವನ ಬಣ್ಣಬಣ್ಣದ ಕಾಗದಗಳನ್ನು ಅವನ ಕೈಗೇ ಕೊಟ್ಟು ಕಳಿಸಿದೆ.

ಆ ಪ್ಲಾಸ್ಟಿಕ್ ಟೋಪಿಯ ಮಾತು ನನಗೆ ಯಾಕೆ ಅಷ್ಟು ನಾಟಿತು ಅಂದರೆ, ಅದು ನಮ್ಮವರದೇ ವಿದ್ಯೆ. ಆ ಕಾಲದಲ್ಲಿ ನಮ್ಮವರ ಯಾರ ಮನೆಗೆ ಊಟಕ್ಕೆ ಹೋದರೂ ಸಾಸಿವೆ ಸಿಡಿಯುತ್ತಿದ್ದ ಹಾಗೇ ಮೇಲೆ ಸ್ಮೋಕ್ ಅಲಾರ್ಮ್ ಕಿರುಚುತ್ತಿತ್ತು. ಯಾರೂ ಬೆಚ್ಚುತ್ತಿರಲಿಲ್ಲ. ಒಬ್ಬರು ಕಿಟಕಿ ತೆಗೆಯುತ್ತಿದ್ದರು, ಒಬ್ಬರು ಟವೆಲ್ ಬೀಸುತ್ತಿದ್ದರು, ಎತ್ತರದ ಅಂಕಲ್ ಒಬ್ಬರು ಕುರ್ಚಿ ಹತ್ತಿ ಬ್ಯಾಟರಿ ಕಿತ್ತುಬಿಡುತ್ತಿದ್ದರು. ಆ ಬ್ಯಾಟರಿ ಆಮೇಲೆ ಮಕ್ಕಳ ಆಟದ ಕಾರಿನ ರಿಮೋಟಿಗೆ ಹೋಗುತ್ತಿತ್ತು. ನಮ್ಮ ಮನೆಯ ಸೂರಿನಲ್ಲೂ ಹಾಗೇ ಒಂದು ಖಾಲಿ ಬಿಳಿ ಡಬ್ಬಿ ನೇತಾಡುತ್ತಿತ್ತು.

ಆ ರಾತ್ರಿ ಊಟದ ಹೊತ್ತಿಗೆ ಗಂಡ ಮಾತು ತೆಗೆದ. ಅವನು ಮೈಸೂರಿನವನು, ಒಳ್ಳೆಯವನು, ಜಗಳ ಅಂದರೆ ಆಗುವುದಿಲ್ಲ. ಆದರೆ ಅಕ್ಕನ ಜೊತೆ ನೇರ ಮಾತಾಡಿದ್ದು ಕಡಿಮೆ. ಮೀಸೆಯೊಳಗೇ ಗುನುಗಿ, ಮುಖ ಬೇರೆ ಕಡೆ ಇಟ್ಟುಕೊಂಡು, ಏನಿದ್ದರೂ ನನ್ನ ಕೈಲಿ ಹೇಳಿಸುತ್ತಿದ್ದ.

"ನಿಮ್ಮಕ್ಕಂಗೆ ಹೇಳು, ಸ್ವಲ್ಪ ದಿನ ಮನೇಲಿರ್ಲಿ. ಇಲ್ಲಾ ಮುಂದೆ ಕೌಂಟರಲ್ಲಿ ಕೂತ್ಕೊಳ್ಳಲಿ."

"ಇಂಗ್ಲಿಷ್ ಬರದೋಳು, ಕಿವಿ ಕೇಳದೋಳು, ಕೌಂಟರಲ್ಲಿ ಕೂತು ಏನು ಮಾಡ್ಬೇಕು? ಗೊಂಬೆ ಥರ ಇರಬೇಕಾ?"

"ನಾಳೆ ಏನಾದ್ರೂ ಆದ್ರೆ ಯಾರು ಹೊಣೆ?"

"ಏನೂ ಆಗದೇ ಇರೋ ಹಾಗೆ ಹಾಕ್ಸೋದಕ್ಕೇ ತಾನೇ ನಾನು ಒದ್ದಾಡ್ತಿರೋದು? ಅವಳಿಗೆ ಸರಿಹೋಗೋ ಅಲಾರ್ಮ್ ಹಾಕ್ಸೋಣ. ಅಲಾರ್ಮಿಗೆ ಸರಿಹೋಗೋ ಹಾಗೆ ಅವಳನ್ನ ಎತ್ತಿಡೋದು ಬೇಡ."

ಅವನು ಮೊಸರನ್ನ ಕಲೆಸತೊಡಗಿದ. ಒಪ್ಪಿದ ಅಂತ ಅಲ್ಲ, ಬಿಟ್ಟ ಅಂತ.

ಅಲಾರ್ಮಿನವರಲ್ಲಿ ಎರಡನೆಯವನು ಆನ್ ಆರ್ಬರ್ ಕಡೆಯವನು, ವಯಸ್ಸಾದವನು, ಸಿಡುಕ. ಕಾಗದ ತೋರಿಸಲಿಲ್ಲ. ಹುರಿಯುವ ಕೋಣೆಗೆ ಹೊಗೆಯದು ಬೇಡ, ಶಾಖದ್ದು ಹಾಕೋಣ ಎಂದ. ಅದು ಘಾಟಿಗೂ ಒಗ್ಗರಣೆಗೂ ಅಲ್ಲಾಡುವುದಿಲ್ಲ, ಕೋಣೆ ನಿಜವಾಗಿ ಕಾದರೆ ಮಾತ್ರ ಎಚ್ಚರಗೊಳ್ಳುತ್ತದೆ. ಅಂಗಡಿಗೆ, ಸಾಮಾನಿನ ಕೋಣೆಗೆ ಹೊಗೆಯದು. ಇಷ್ಟಕ್ಕೆ ನನಗೂ ಸಮಾಧಾನವಾಯಿತು. ಎಲ್ಲಿ ಏನೇ ಹೊಡೆದುಕೊಂಡರೂ ಹಿಂದೆ ಅಕ್ಕನಿಗೆ ಕಣ್ಣು ಕುಕ್ಕುವ ಹಾಗೆ ದೀಪ ಮಿನುಗಬೇಕು ಎಂದೆ. ಗಿರಾಕಿಗಳು ಓಡಾಡುವ ಕಡೆ ಹೇಗೂ ಒಂದು ಮಿನುಗುವ ದೀಪ ಬರುತ್ತದೆ, ಹಿಂದಕ್ಕೆ ಬೇಕೆಂದು ಬೆಂಕಿ ಸುರಕ್ಷತೆಯ ನಿಯಮ, ಕೋಡ್, ಹೇಳುವುದಿಲ್ಲ ಎಂದ.

"ಕೋಡ್ ಬರೆದವರು ನನ್ನ ಅಕ್ಕನನ್ನು ನೋಡಿಲ್ಲ" ಎಂದೆ. "ಹುರಿಯುವಲ್ಲಿ ಒಂದು, ಪ್ಯಾಕ್ ಮಾಡುವಲ್ಲಿ ಒಂದು, ಟಾಯ್ಲೆಟ್ಟಿನಲ್ಲಿ ಒಂದು."

ಟಾಯ್ಲೆಟ್ಟಿನಲ್ಲಿ ಯಾಕೆ ಎಂದು ಹುಬ್ಬು ಗಂಟು ಹಾಕಿದ. ಬಾಗಿಲು ಹಾಕಿಕೊಂಡು ಒಳಗೆ ಕೂತವಳಿಗೆ ಯಾರು ಬಂದು ಹೇಳುತ್ತಾರೆ, ನೀನು ಬರುತ್ತೀಯಾ ಎಂದೆ. ಅವನು ಮೊದಲ ಸಲ ನಕ್ಕ.

ಆಮೇಲೆ ದೀಪ ಯಾವ ಗೋಡೆಗೆ ಅನ್ನುವ ಜಗಳ. ವಯರ್ ಎಳೆಯಲು ಸುಲಭ ಎಂದು ಅವನು ಹಿಂಬಾಗಿಲ ಮೇಲೆ ಅಂದ. ಒಲೆಯ ಮುಂದೆ ನಿಂತರೆ ಆ ಬಾಗಿಲು ಬೆನ್ನಿಗೆ ಬೀಳುತ್ತದೆ. ಬೇಸಿಗೆಯಲ್ಲಿ ಬಾಗಿಲು ತೆರೆದಿಟ್ಟರೆ ಬಿಸಿಲೂ ಅಲ್ಲಿಂದಲೇ ಒಳಗೆ ಬರುತ್ತದೆ. ನಾನು ಅಕ್ಕನ ಜಾಗದಲ್ಲಿ ನಿಂತು, ಹಚ್ಚು ಎಂದೆ. ಅವನು ತನ್ನ ಸ್ಯಾಂಪಲ್ ದೀಪ ಹಿಡಿದು ಹಚ್ಚಿದ. ಬಿಸಿಲಿನಲ್ಲಿ ಏನೂ ಕಾಣಲಿಲ್ಲ. ಪಕ್ಕದ ಗೋಡೆಗೆ ಹಿಡಿದರೆ ಅರೆಬರೆ ಕಂಡಿತು. ಅಷ್ಟರಲ್ಲಿ ಅಕ್ಕನಿಗೆ ತಾಳ್ಮೆ ಮುಗಿದು, ನನ್ನನ್ನು ಪಕ್ಕಕ್ಕೆ ತಳ್ಳಿ ತಾನೇ ನಿಂತಳು. ಸೌಟಿನಿಂದ ಎದುರುಗೋಡೆಯಲ್ಲಿ, ಒಲೆಯ ಎಡಕ್ಕೆ ಒಂದು ಜಾಗ ತೋರಿಸಿ, "ಅಲ್ಲೆ ಹೊಡಿ ಅನ್ನು" ಎಂದಳು. ಅಲ್ಲಿಗೆ ವಯರ್ ಎಳೆಯುವುದು ದೊಡ್ಡ ಕೆಲಸ ಎಂದು ಮುದುಕ ಗೊಣಗಿದ. ದೊಡ್ಡ ಕೆಲಸಕ್ಕೇ ಅಲ್ಲವೇ ನಿನ್ನನ್ನು ಕರೆದದ್ದು ಎಂದೆ. ದೀಪ ಅಲ್ಲೇ ಕೂತಿತು.

ಹಾಕಿದ ದಿನ ಅಕ್ಕನಿಗೆ ಹೇಳಿಕೊಟ್ಟದ್ದು ಇಷ್ಟು: ಅದು ಮಿನುಗಿದರೆ ಗ್ಯಾಸ್ ಆರಿಸು, ಹೊರಗೆ ನಡೆ, ಏನನ್ನೂ ಎತ್ತಿಕೊಳ್ಳಬೇಡ. ನಾಲ್ಕಾರು ಸಲ ಅಭ್ಯಾಸ ಮಾಡಿಸಿದೆ. ಕಟ್ಟಡದ ಮಾಲೀಕ ಬಂದು ದೀಪ ನೋಡಿ, ನೀವು ಹಟಮಾರಿ ಎಂದ. ಹೌದು ಎಂದೆ.

ಚಳಿಗಾಲ ಬಂತು. ಸಂಕ್ರಾಂತಿಯ ಹಿಂದಿನ ಶನಿವಾರ, ಹೊರಗೆ ಹದಿನೈದು ಡಿಗ್ರಿ ಫ್ಯಾರನ್‌ಹೀಟ್, ನೀರು ಹೆಪ್ಪುಗಟ್ಟುವ ಚಳಿ, ಅಂಗಡಿಯ ತುಂಬ ಎಳ್ಳುಬೆಲ್ಲಕ್ಕೆ ಬಂದ ನಮ್ಮವರು. ಪ್ಯಾಕ್ ಮಾಡುವಾಗ ಕೈ ಮರಗಟ್ಟುತ್ತದೆ ಎಂದು ಗಂಡ ಮನೆಯಿಂದ ಒಂದು ಚಿಕ್ಕ ಹೀಟರ್ ತಂದು ನಡುಕೋಣೆಯಲ್ಲಿ ಇಟ್ಟಿದ್ದ. ಅದರ ಮುಂದೆ ಯಾರೋ ರಟ್ಟಿನ ಪೆಟ್ಟಿಗೆಗಳನ್ನು ಒಟ್ಟಿದ್ದರು. ನಡುಕೋಣೆಯ ಬಾಗಿಲು ಮುಚ್ಚಿತ್ತು. ಹಿಂದೆ ಅಕ್ಕ ಎಳ್ಳು ಹುರಿಯುತ್ತಿದ್ದಳು.

ಹಾರ್ನ್ ಒಮ್ಮೆಗೇ ಹೊಡೆದುಕೊಂಡಿತು. ತಲೆ ಸಿಡಿಯುವಂಥ ಸದ್ದು. ಮುಂದಿದ್ದ ಅಷ್ಟು ಜನರಲ್ಲಿ ಒಬ್ಬರೂ ಬಾಗಿಲ ಕಡೆ ತಿರುಗಲಿಲ್ಲ.

"ಏನೋ ಹುರೀತಿದಾರೆ ಅನ್ಸುತ್ತೆ, ನಿಲ್ಲುತ್ತೆ ಬಿಡಿ" ಎಂದರು ಒಬ್ಬ ಆಂಟಿ, ಸಕ್ಕರೆ ಅಚ್ಚು ಆರಿಸುತ್ತ. ಒಬ್ಬ ಅಂಕಲ್ ಅಕ್ಕಿ ಮೂಟೆಯ ಮೇಲೆ ಹತ್ತಿ ಸೂರಿಗೆ ಕೈ ಚಾಚಿ, "ಇದಕ್ಕೆ ಬ್ಯಾಟರಿ ಎಲ್ಲಿರುತ್ತೇಮ್ಮ?" ಎಂದು ನನ್ನನ್ನು ಕೇಳಿದರು. ನನ್ನ ಗಂಡ, ಎಂಜಿನಿಯರ್, ಕೌಂಟರಿನ ಟವೆಲ್ ತೆಗೆದುಕೊಂಡು ಡಿಟೆಕ್ಟರಿಗೆ ಗಾಳಿ ಬೀಸತೊಡಗಿದ.

ನಾನು ನಡುಕೋಣೆಯ ಬಾಗಿಲು ತೆಗೆದು ಒಳಗೆ ನುಗ್ಗಿದೆ. ಹೊಗೆ ಕಪ್ಪಗೆ ಮುಖಕ್ಕೆ ರಾಚಿತು. ಪೆಟ್ಟಿಗೆಗಳು ಉರಿಯುತ್ತಿದ್ದವು. ನನ್ನ ತಲೆಯಲ್ಲಿ ಇದ್ದದ್ದು ಒಂದೇ, ಅಕ್ಕ ಒಳಗಿದ್ದಾಳೆ, ಅವಳಿಗೆ ಗೊತ್ತಿಲ್ಲ. ಊರಿಗೆಲ್ಲ ಸವಾಲು ಹಾಕಿ ಆ ದೀಪ ಹಾಕಿಸಿದವಳು ನಾನು. ಆ ಗಳಿಗೆಯಲ್ಲಿ ದೀಪದ ನೆನಪೇ ಇರಲಿಲ್ಲ.

ಹಿಂದಿನಿಂದ ಯಾರೋ ನನ್ನ ಜಾಕೆಟ್ಟಿಗೆ ಕೈ ಹಾಕಿ ಎಳೆದರು. ಅಕ್ಕ. ದೀಪ ಮಿನುಗಿದ್ದು ಕಂಡು, ಗ್ಯಾಸ್ ಆರಿಸಿ, ಹಿಂಬಾಗಿಲಿನಿಂದ ಹೊರಗೆ ಹೋಗಿ, ಯಾರೂ ಬರದಿದ್ದನ್ನು ನೋಡಿ, ಹಿಮದಲ್ಲಿ ಕಟ್ಟಡ ಸುತ್ತಿಕೊಂಡು ಮುಂಬಾಗಿಲಿನಿಂದ ಬಂದಿದ್ದಳು. ಸೀರೆ ಮೊಣಕಾಲವರೆಗೆ ತೊಯ್ದಿತ್ತು.

"ಒಳಗ ಎಲ್ಲಿ ಹೊಂಟೀ?" ಎಂದು ಅಬ್ಬರಿಸಿ ಬಾಗಿಲು ಎಳೆದು ಮುಚ್ಚಿದಳು. ಆಮೇಲೆ ಅಂಗಡಿಯ ಕಡೆ ತಿರುಗಿದಳು. ಅಂಕಲ್‌ರ ಪ್ಯಾಂಟು ಹಿಡಿದು ಮೂಟೆಯಿಂದ ಇಳಿಸಿದಳು. ಆಂಟಿಯ ಕೈಯ ಸಕ್ಕರೆ ಅಚ್ಚು ಕಿತ್ತು ಕೌಂಟರಿಗೆ ಹಾಕಿದಳು. ನನ್ನ ಗಂಡನ ಟವೆಲ್ ಕಸಿದು, ಅದೇ ಟವೆಲಿನಿಂದ ಅವನ ಬೆನ್ನಿಗೆ ಒಂದು ಬಾರಿಸಿ, "ಹೊರಗ ನಡೀರಿ" ಎಂದಳು. ಆ ದನಿಗೆ ಎಲ್ಲರೂ ನಡೆದರು. ಹಾರ್ನಿಗೆ ನಡೆಯದವರು.

ಪಾರ್ಕಿಂಗ್ ಲಾಟಿನಲ್ಲಿ ನಿಂತೆವು. ಫೈರ್ ಎಂಜಿನ್ ಬಂತು, ನಡುಕೋಣೆಯ ಅರ್ಧ ಹೋಯಿತು, ಹುರಿಯುವ ಕೋಣೆಗೆ ಬರೀ ಮಸಿ. ಅಕ್ಕ ಶಾಲೂ ಇಲ್ಲದೆ ಹಿಮದಲ್ಲಿ ನಿಂತು ಒಬ್ಬೊಬ್ಬರ ಮುಖವನ್ನೂ ನೋಡಿದಳು. ಅವಳು ಮೆಲ್ಲಗೆ ಕೇಳಿದೆ ಅಂದುಕೊಂಡಿರಬೇಕು. ಇಡೀ ಮಾಲ್‌ಗೆ ಕೇಳಿಸಿತು.

"ಕಿವುಡ್ರು ಎಲ್ಲಾರೂ ಹೊರಗ ಬಂದ್ರೇನು?"

ನನ್ನ ಗಂಡ ತನ್ನ ಕೋಟು ಬಿಚ್ಚಿ ಅವಳಿಗೆ ಹೊದಿಸಿದ. ಆಮೇಲೆ ಅವಳ ಎದುರಿಗೆ ಬಂದು ನಿಂತು, ಮೀಸೆಯನ್ನು ಬೆರಳಿನಿಂದ ಮೇಲಕ್ಕೆ ಒತ್ತಿ ಹಿಡಿದು, ಒಂದೊಂದೇ ಮಾತು ಬಿಡಿಸಿ ಹೇಳಿದ.

"ಬಂದ್ವಿ, ಅಕ್ಕಾ. ಎಲ್ಲಾರೂ ಬಂದ್ವಿ."