ಉಳಿದ ಒಂದೇ ಮಾತು

ನಮ್ಮ ಮಾವನವರು ಕನ್ನಡಿ ನೋಡದೆಯೇ ಹಣೆಗೆ ವಿಭೂತಿ ಹಚ್ಚಿಕೊಳ್ಳುತ್ತಿದ್ದರು. ಮೂರು ಬೆರಳು ಒಮ್ಮೆ ಎಳೆದರೆ ಮುಗಿಯಿತು, ಗೆರೆ ಎಲ್ಲೂ ಡೊಂಕಾಗುತ್ತಿರಲಿಲ್ಲ. ಮೇಲೆ ಬಿಳಿ ರುಮಾಲು ಸುತ್ತಿಕೊಂಡು ಚಿತ್ತಾಪುರದ ಶಾಲೆಗೆ ಪಾಠ ಹೇಳಲು ಹೊರಡುವರು. ನಿಜಾಮರ ಆಡಳಿತ, ಶಾಲೆಯಲ್ಲಿ ಎಲ್ಲ ಉರ್ದು. ಸಂಜೆ ಮಾತ್ರ ನಮ್ಮ ಮನೆಯ ಕಟ್ಟೆಯ ಮೇಲೆ ಓಣಿಯ ಮಕ್ಕಳಿಗೆ ಕನ್ನಡ ಕಲಿಸಿ, ವಚನ ಹಾಡಿಸುತ್ತಿದ್ದರು. ಉರ್ದು ಹೇಳಲು ತಡವರಿಸುವ ಮಕ್ಕಳನ್ನು ಅವರು ಎಂದೂ ಹೊಡೆದವರಲ್ಲ. "ಪಾಪ, ಒಳಗ ಕನ್ನಡದಾಗ ವಿಚಾರ ಮಾಡಿ ಹೊರಗ ಉರ್ದುದಾಗ ಹೇಳಬೇಕು. ಹಾದಿ ದೂರ ಆಗ್ತದ" ಅನ್ನುತ್ತಿದ್ದರು. ಸಿಟ್ಟು ಬರುತ್ತಿದ್ದುದು ಹೊಲಸು ಮಾತಿಗೆ. ಯಾವ ಹುಡುಗನ ಬಾಯಲ್ಲಿ ಬೈಗುಳ ಬಂದರೂ ಅಂಗಳಕ್ಕೆ ಕರೆದೊಯ್ದು, ತಾವೇ ನೀರು ಹಾಕಿ ಬಾಯಿ ಮುಕ್ಕಳಿಸಲು ಹಚ್ಚುವರು.

ನಾನು ಶಹಾಬಾದದಿಂದ ಸೊಸೆಯಾಗಿ ಬಂದ ಮರುವರ್ಷ ಅವರಿಗೆ ಲಕ್ವಾ ಹೊಡೆಯಿತು. ಬಲಗೈ, ಬಲಗಾಲು ಬಿದ್ದುಹೋದವು. ಮಾತು ನಿಂತಿತು. ಅತ್ತೆ ಮೊದಲೇ ತೀರಿಕೊಂಡಿದ್ದರಿಂದ ಆರೈಕೆಯೆಲ್ಲ ನನ್ನದು. ಒಂದು ದಿನ ಗಂಜಿ ಕುಡಿಸುವಾಗ ಅವರ ತುಟಿ ಅಲುಗಿತು. ಮಾತು ಬಂತೆಂದು ಹಿಗ್ಗಿ ಕಿವಿಗೊಟ್ಟೆ. ಬಂದದ್ದು ಹೆಂಗಸರನ್ನು ಬೈಯುವ ಒಂದು ಹೊಲಸು ಮಾತು. ಅದನ್ನು ಇಲ್ಲಿ ಬರೆಯಲು ಇಂದಿಗೂ ನನಗೆ ಕೈ ಏಳದು. ಬಟ್ಟಲು ಅಲ್ಲೇ ಇಟ್ಟು ಅಡುಗೆಮನೆಗೆ ಓಡಿ, ನನ್ನಿಂದೇನು ತಪ್ಪಾಯಿತೆಂದು ಒಲೆಯ ಮುಂದೆ ಕೂತು ಕಣ್ಣೀರು ಹಾಕಿದೆ.

ಆದರೆ ಅದು ನನಗೊಬ್ಬಳಿಗೇ ಅಂದದ್ದಾಗಿರಲಿಲ್ಲ. ನೀರು ಬೇಕಾದರೂ ಅದೇ, ನೋವಾದರೂ ಅದೇ, ಹೆತ್ತ ಮಗಳನ್ನು ಕರೆಯಲೂ ಅದೇ. ತಾವು ಆಡಿದ್ದು ತಮ್ಮ ಕಿವಿಗೆ ಬಿದ್ದ ಕೂಡಲೇ ಅವರ ಮುಖ ಕಪ್ಪಿಡುತ್ತಿತ್ತು. ಎಡಗೈಯಿಂದ ಧೋತರದ ಚುಂಗು ಬಾಯಿಗೆ ತುರುಕಿಕೊಳ್ಳುತ್ತಿದ್ದರು.

ನನ್ನ ಗಂಡ ವಾಡಿಯಿಂದ ಒಬ್ಬ ಡಾಕ್ಟರನ್ನು ಕರೆತಂದರು. "ಕಣ್ಣ ಮುಚ್ರಿ" ಅಂದರೆ ಮಾವನವರು ಮುಚ್ಚಿದರು. "ದೀಪ ಎಲ್ಲದ?" ಅಂದರೆ ಬೆರಳು ಮಾಡಿ ತೋರಿಸಿದರು. ಡಾಕ್ಟರು ಹೇಳಿದಂತೆ ನನ್ನ ನಾದಿನಿ ಒಂದು ವಚನದ ಧಾಟಿ ಎತ್ತಿದಳು. ಮಾವನವರು ಒಂದು ಅಕ್ಷರ ತಪ್ಪದೆ ಇಡೀ ಸಾಲು ಹಾಡಿಬಿಟ್ಟರು! ನಾವು ಬೆರಗಾದೆವು. ಆದರೆ ಅದೇ ಸಾಲಿನ ಒಂದು ಶಬ್ದವನ್ನು ಬಿಡಿಯಾಗಿ ಹೇಳಿರೆಂದರೆ ಮತ್ತೆ ಆ ಬೈಗುಳವೇ ಬಂತು.

"ಕೇಳಿದ್ದೆಲ್ಲ ತಿಳೀತದ ಅವರಿಗೆ" ಅಂದರು ಡಾಕ್ಟರು. "ಏನ ಅನ್ನಬೇಕಂತಾರೋ ಅದೂ ಒಳಗ ಬರೋಬ್ಬರಿ ಅದ. ಮಾತು ಜೋಡಸೋ ಜಾಗಾ ಮಿದುಳಿನಾಗ ಕೆಟ್ಟದ. ಬಾಯಿಪಾಠದ ಹಾಡು, ಬೈಗುಳ, ಇವನ್ನ ಜೋಡಸಬೇಕಾಗಿಲ್ಲ, ಇಡಿಯಾಗೇ ಬರ್ತಾವ. ಅದಕ್ಕ ಉಳದಾವ. ಆ ಬೈಗುಳದಾಗ ಅವರ ಮನಸ್ಸಿಲ್ಲ."

ನಮಗೆ ತಿಳಿಯಿತು, ಊರಿಗೆ ತಿಳಿಯಲಿಲ್ಲ. "ಒಳಗ ಏನಿತ್ತು ಈಗ ಗೊತ್ತಾತು ನೋಡ್ರಿ ಮಾಸ್ತರಂದು" ಎಂದು ಬಾವಿಯ ಹತ್ತಿರ ಹೆಂಗಸರು ನಕ್ಕರು. ಕಟ್ಟೆಗೆ ಮಕ್ಕಳು ಬರುವುದು ನಿಂತಿತು. ಯಾರಾದರೂ ಮನೆಗೆ ಬಂದರೆ ನನ್ನ ಗಂಡ ಮಾವನವರಿದ್ದ ಒಳಕೋಣೆಯ ಬಾಗಿಲು ಹಾಕುತ್ತಿದ್ದರು.

ನಾದಿನಿಯನ್ನು ನೋಡಲು ಮಳಖೇಡದವರು ಬಂದ ದಿನವೂ ಹಾಗೇ ಹಾಕಿದರು. ಹುಡುಗನ ತಂದೆ ಮಾವನವರ ಹಳೆಯ ಗೆಳೆಯರು. "ಮಾಸ್ತರನ್ನ ನೋಡಲಾರದ ಹ್ಯಾಂಗ ಹೋಗಲಿ?" ಎಂದು ತಾವೇ ಬಾಗಿಲು ತೆಗೆದರು. ಮಾವನವರು ಗೋಡೆ ಹಿಡಿದುಕೊಂಡು, ಬಲಗಾಲು ಎಳೆಯುತ್ತ ಹೊರಗೆ ಬಂದರು. ಹುಡುಗನ ತಾಯಿ ಸೆರಗು ಹೊದ್ದು "ಶರಣ್ರಿ" ಅಂದರು. ಮಾವನವರು ಎಡಗೈ ಎತ್ತಿದರು. ಬಾಯಿಂದ ಬಂದದ್ದು ಅದೇ ಮಾತು.

"ಬೈಸ್ಕೊಳ್ಳಾಕ ಕರಸೀರೇನ್ರಿ ನಮ್ಮನ್ನ?" ಎಂದು ಆಕೆ ಎದ್ದು ನಿಂತರು. ಮಾವನವರು ತಮ್ಮ ಬಾಯಿಗೆ ತಾವೇ ಹೊಡೆದುಕೊಳ್ಳತೊಡಗಿದರು. ತುಟಿ ಒಡೆದು ರಕ್ತ ಬಂತು. ನಾದಿನಿ ಓಡಿ ಬಂದು ಆ ಕೈ ಹಿಡಿದು, "ಅಪ್ಪಾ, ಹಾಡ್ರಿ, ಇವರಿಗಿ ತಿಳೀಲಿ" ಎಂದು ಅಳುತ್ತಲೇ ಧಾಟಿ ಎತ್ತಿದಳು. ಬಾಯಿ ತೆರೆದರೆ ಮತ್ತೆ ಅದೇ ಬಂದೀತೆಂದು ಮಾವನವರು ಹಲ್ಲು ಕಚ್ಚಿ ನಿಂತರು. ಮಳಖೇಡದ ಬಂಡಿ ಹೊರಟುಹೋಯಿತು. ಸಂಬಂಧ ಮುರಿಯಿತು.

ಅಂದಿನಿಂದ ಅವರು ಬಾಯಿ ತೆರೆಯಲೊಲ್ಲರು. ನೀರನ್ನೂ ಕೇಳದೆ ತುಟಿ ಬಿರಿದವು. ಕೊನೆಗೆ ನಾನೇ ಹತ್ತಿರ ಕೂತು ಹೇಳಿದೆ: "ಮಾವಾರ, ನನ್ನ ಮುಂದ ನಾಚಬ್ಯಾಡ್ರಿ. ಆ ಮಾತೇ ಅನ್ರಿ. ನಾ ಅದನ್ನ ಬೈಗುಳ ಅಂತ ಕೇಳಂಗಿಲ್ಲ, ನನ್ನ ಕರೀಲಿಕತ್ತೀರಿ ಅಂತ ಕೇಳ್ತೀನಿ."

ನನ್ನ ಮುಖ ನೋಡಿದರು. ಆಮೇಲೆ ಮೆಲ್ಲಗೆ ಆ ಮಾತು ಅಂದರು.

"ಬಂದೆ, ಮಾವಾರ" ಎಂದು ನೀರು ಕೊಟ್ಟೆ.

ಆಮೇಲೆ ಅದೇ ನನ್ನ ಹೆಸರಾಯಿತು. ಎಳೆದು ಅಂದರೆ ನೀರು, ತುಂಡಾಗಿ ಅಂದರೆ ಮಗ್ಗಲು ಬದಲಿಸಬೇಕು, ಕೆಳದನಿಯಲ್ಲಿ ಅಂದರೆ ಸುಮ್ಮನೆ ಹತ್ತಿರ ಕೂಡಬೇಕು. ಮಾತಿನೊಳಗಿನ ಮಾತನ್ನು ಕೇಳುವುದು ನನಗೆ ಹೀಗೆ ಬಂತು, ಅವರಿಂದ. ಆ ಮಾತಿಗೆ ನಾನು ಓಗೊಡುವಾಗ ನೆರೆಯವರು ಕಿಟಕಿಗೆ ಬಂದು ನೋಡುತ್ತಿದ್ದರು. ನಾಚಿಕೆಯಿಂದ ನನ್ನ ಮೈ ಹಿಡಿಯಾಗುತ್ತಿತ್ತು, ಆದರೂ ಓಗೊಟ್ಟೆ. ನಾದಿನಿಗೆ ಮುಂದೆ ಸೇಡಂನಲ್ಲಿ ಮದುವೆಯಾಯಿತು. ತಂದೆ ಆ ದಿನ ತಾವಾಗಿಯೇ ಒಳಕೋಣೆಯಲ್ಲಿ ಉಳಿದರು.

ಅವರು ಹೋದದ್ದು ಒಂದು ಮುಂಜಾನೆ. ನಾವೆಲ್ಲ ಸುತ್ತ ಕೂತಿದ್ದೆವು. ಕಣ್ಣು ತಿರುಗಿಸಿ ನನ್ನನ್ನು ಹುಡುಕಿ, ಕೆಳದನಿಯಲ್ಲಿ ಆ ಮಾತು ಅಂದರು.

"ಇಲ್ಲೇ ಅದೀನಿ, ಮಾವಾರ" ಅಂದೆ. ಉಸಿರು ನಿಂತಿತು.

ಹೊರಗೆ ನೆರೆದ ಹಿರಿಯರು ಕಡೆಗೆ ಏನಂದರೆಂದು ಕೇಳಿದರು. ನನ್ನ ಗಂಡ ನೆಲ ನೋಡುತ್ತ, "ಶಿವಾ ಅಂದ್ರು" ಅಂದರು. ಹಿರಿಯರು ಕೈಮುಗಿದರು. ನಾನು ಸೆರಗಿನಿಂದ ಮುಖ ಮುಚ್ಚಿಕೊಂಡೆ. ಮಾವನವರು ಕರೆದದ್ದು ನನ್ನನ್ನು.